ಅರ್ಧ ಸ್ವರ ಕೆಳಗಿನ ಮನೆ

ಟ್ಯೂಬ್‌ಲೈಟು ಜಿ ಶಾರ್ಪ್‌ನಲ್ಲಿ ಗುಂಯ್‌ಗುಡುತ್ತಿದೆ, ಅಲ್ಲ, ಜಿ, ಬರೀ ಜಿ, ಎಂದು ಅವಳು ತನ್ನನ್ನು ತಾನೇ ತಿದ್ದಿಕೊಂಡಳು, ಲೋಕಕ್ಕೆಲ್ಲ ಜಿ ಸ್ವರವಾದದ್ದು ಅವಳೊಬ್ಬಳಿಗೆ ಅರ್ಧ ಸ್ವರ ಮೇಲಿನ ಜಿ ಶಾರ್ಪ್, ಕಾರಿಡಾರಿನ ದೀಪದ ಜೊತೆಗೂ ಅವಳಿಗೆ ಹೊಂದಿಕೆಯಿಲ್ಲ, ಇನ್ನು ಮನುಷ್ಯರ ಮಾತೇಕೆ — ಬೆಂಚು ತಣ್ಣಗಿದೆ, ಎದುರಿನ ಬಾಗಿಲಲ್ಲಿ ತಂತಿ ಬಲೆಯ ಗಾಜು, ಗಾಜಿಗೆ ಅಂಟಿಸಿದ ಕಾಗದ, ಕೀಬೋರ್ಡ್ ಅರ್ಹತಾ ಪರೀಕ್ಷೆ ನಡೆಯುತ್ತಿದೆ, ಸದ್ದು ಮಾಡಬೇಡಿ, ಸಂಗೀತ ವಿಭಾಗದಲ್ಲಿ ಸದ್ದು ಮಾಡಬೇಡಿ ಅಂತೆ ನೋಡು ಎಂದು ಅವಳ ತರಗತಿಯ ತುತ್ತೂರಿಯವನು ಹೋದ ಸಲ ಅದೇ ಕಾಗದದ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಈಗ ಅವನೇ ಒಳಗಿದ್ದಾನೆ, ನಗುವಿನ ಸುದ್ದಿಯಿಲ್ಲ, ಸ್ವರಗಳ ಏರಿಕೆ ಇಳಿಕೆ ನುಡಿಸುತ್ತಿದ್ದಾನೆ, ಬಲಗೈ ಪರವಾಗಿಲ್ಲ, ಎಡಗೈ ಕುಂಟುತ್ತಿದೆ, ಹೆಬ್ಬೆರಳನ್ನು ಅಡಿಯಿಂದ ತೂರಿಸಬೇಕಾದ ಕಡೆ ಎಡವಿದ, ನಿಂತ, ಕೆಮ್ಮಿದ, ಮತ್ತೆ ಮೊದಲಿನಿಂದ. ಊದುವವನಿಗೆ ಪಿಯಾನೋ ಯಾಕೆ, ಹಾಡುವವಳಿಗೆ ಪಿಯಾನೋ ಯಾಕೆ, ಎಂದು ಮೊದಲ ವರ್ಷ ಎಲ್ಲರೂ ಒಂದೇ ಬಾಯಲ್ಲಿ ಕೇಳಿದ್ದರು, ಕೀಬೋರ್ಡ್ ಮೇಡಂ ಕನ್ನಡಕ ಒರೆಸುತ್ತಾ, ನಾಳೆ ಮಕ್ಕಳಿಗೆ ಕಲಿಸ್ತೀರಲ್ಲ, ಆಗ ಪಿಯಾನೋ ನುಡಿಸೋಕೆ ಒಬ್ಬನ್ನ ಜೇಬಲ್ಲಿ ಇಟ್ಕೊಂಡು ಹೋಗ್ತೀರಾ ಎಂದಿದ್ದರು, ಅದೂ ನಿಜವೇ — ಯಾರನ್ನೂ ಬೈಯುವ ಹಾಗಿಲ್ಲ, ಅದೇ ಕಷ್ಟ. ಹಾಳೆ ನೋಡಿ ಆ ಕ್ಷಣಕ್ಕೆ ನುಡಿಸಬೇಕು, ಕೊಟ್ಟ ರಾಗಕ್ಕೆ ಎಡಗೈಯಲ್ಲಿ ಜೊತೆ ಕೂಡಿಸಬೇಕು, ಕೊನೆಗೆ ಹಾಡುವವರು ತಾವೇ ನುಡಿಸಿಕೊಂಡು ಹಾಡಬೇಕು, ಇಷ್ಟೇ, ಇದಾಗದಿದ್ದರೆ ಕೊನೆಯ ವರ್ಷದ ಕಛೇರಿ ಇಲ್ಲ, ಕಛೇರಿ ಇಲ್ಲದೆ ಪದವಿ ಇಲ್ಲ, ಮೂರನೆಯ ಸಲವೂ ಆಗದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಇದು ಮೂರನೆಯ ಸಲ. ಎಂಥಾ ಕಂಠ ಎಂಥಾ ಕಂಠ ಎಂದು ಕಾರಿಡಾರಿನಲ್ಲಿ ನಿಲ್ಲಿಸಿ ಕೊಂಡಾಡಿದವರೇ ಆ ಹೆಸರನ್ನು ತೆಗೆಯುತ್ತಾರೆ, ಬಹಳ ಬೇಜಾರಿನಿಂದಲೇ ತೆಗೆಯುತ್ತಾರೆ.

ಅಪ್ಪ ಹೋಗಿಲ್ಲ. ಹೋಗ್ತೀನಿ ಹೋಗ್ತೀನಿ ಎನ್ನುತ್ತಲೇ ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ, ತೊಡೆ ಮೇಲೆ ಸಲಕರಣೆಯ ಚರ್ಮದ ಚೀಲ, ಚೀಲದ ಬಾಯಿಂದ ಇಣುಕುತ್ತಿರುವ ಉದ್ದ ಹಿಡಿಕೆಯ ಕೀಲಿ, ಪಿಯಾನೋದ ಗೂಟ ತಿರುಗಿಸಿ ತಂತಿ ಬಿಗಿಯುವ ಕೀಲಿ, ವಿಭಾಗದ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸುವವನು ಅವನೇ, ಅವಳು ಇಲ್ಲಿ ಓದಲು ಬರುವ ಮೊದಲಿನಿಂದಲೂ. ಇವತ್ತು ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಪರೀಕ್ಷೆ ಕೋಣೆಯದನ್ನು ಮುಗಿಸಿ ಮುಖ ಅರಳಿಸಿಕೊಂಡು ಹೊರಬಂದ, ಬೆಳ್ಳಿ ಥರ ಮಾಡಿಟ್ಟಿದೀನಿ ಪೀಪಿ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಪೀಪಿ ಎಂದರೆ ಅವಳು, ತೊಟ್ಟಿಲಲ್ಲಿ ಅತ್ತರೂ ಒಂದೇ ಸ್ವರ ಹಿಡಿದು ಅಳುತ್ತಿದ್ದಳಂತೆ, ಅದಕ್ಕೆ ಆ ಹೆಸರು, ಈಗ ಇಪ್ಪತ್ತೆರಡಾದರೂ ಕಾರಿಡಾರಿನಲ್ಲಿ ನಾಲ್ಕು ಜನರ ಎದುರು ಪೀಪಿ — ಅಪ್ಪ ನೀನು ಹೋಗು, ಬೇರೆ ಕಡೆ ಕೆಲಸ ಇದೆ ಅಂದಿದ್ದೆಯಲ್ಲ. ಹೋಗ್ತೀನಮ್ಮ, ಕೊನೇಲಿ ಹಾಡ್ತೀಯಂತಲ್ಲ, ಅದೊಂದು ಕೇಳಿ ಹೋಗ್ತೀನಿ. ಬಾಗಿಲು ಮುಚ್ಚಿರುತ್ತೆ. ನನಗೆ ಬಾಗಿಲು ಒಂದು ಲೆಕ್ಕವೇನೇ. ಅವನಿಗೆ ಬಾಗಿಲು ನಿಜವಾಗಿ ಲೆಕ್ಕವಲ್ಲ, ಅದೇ ಭಯ, ಎರಡು ತಂತಿ ಒಂದಕ್ಕೊಂದು ತುಸು ತಪ್ಪಿದರೆ ನಡುವೆ ಒಂದು ಅಲೆ ಏಳುತ್ತದೆಯಂತೆ, ವಂವ್ ವಂವ್ ಎಂದು, ಅಪ್ಪ ಸ್ವರ ಕೇಳುವವನಲ್ಲ, ಆ ಅಲೆ ಕೇಳುವವನು, ತಲೆ ಎಡಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಮನೆಯಲ್ಲಿ ಅಮ್ಮ ಸಿಟ್ಟಾದಾಗಲೂ ಹಾಗೆಯೇ ತಲೆ ವಾಲಿಸಿ ಕೇಳುತ್ತಾನೆ, ಅಮ್ಮನಿಗೆ ಇನ್ನಷ್ಟು ಸಿಟ್ಟು ಬರುತ್ತದೆ. ಅವನ ಬಲಗೈಯ ತೋರುಬೆರಳು ಚೀಲದ ಮೇಲೆ ತಟ್ಟುತ್ತಿದೆ, ದಪ್ಪ ಬೆರಳು, ಉಗುರು ಉದ್ದಕ್ಕೆ ಸೀಳಿದೆ, ಹಿಂದೆಂದೋ ಕಿತ್ತುಹೋದ ತಂತಿ ಹೊಡೆದದ್ದು, ಆಮೇಲೆ ಅದು ಸೀಳಿಕೊಂಡೇ ಬೆಳೆಯುತ್ತದೆ. ಅವಳು ಆ ಬೆರಳಿನಿಂದ ಕಣ್ಣು ಕಿತ್ತು ಗಾಜಿನ ಕಡೆ ನೋಡಿದಳು.

ಅವಳು ಚಿಕ್ಕವಳಿದ್ದಾಗ ಆ ಬೆರಳು ಇಳಿಯುತ್ತಿತ್ತು, ತುದಿ ಮುರಿದ ಬಿಳಿ ಕೀ ಮೇಲೆ, ಮನೆಯ ಪಿಯಾನೋದ ನಟ್ಟನಡುವಿನ ಕೀ, ಅಪ್ಪ ಅದನ್ನು ಕೀ ಅನ್ನುವುದಿಲ್ಲ, ಮನೆ ಅನ್ನುತ್ತಾನೆ, ಬಿಳಿ ಮನೆ, ಕರಿ ಮನೆ, ಒಂದೊಂದು ಮನೆಯಲ್ಲಿ ಒಬ್ಬೊಬ್ಬ ಸ್ವರ ವಾಸ — ಅವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಲಂಗದ ಲಾಡಿ ಬಾಯಲ್ಲಿ ಕಚ್ಚಿಕೊಂಡು, ಹಿಂದಿನಿಂದ ಡಣ್ ಎಂದು ಒಂದು ಸದ್ದು, ಇದು ಯಾರ ಮನೆ ಹೇಳು. ಸಿ. ಭೇಷ್. ಡಣ್. ಇದು. ಎಫ್ ಶಾರ್ಪ್, ಕರಿ ಮನೆ. ಭೇಷ್ ನನ್ನ ಪೀಪಿ. ನೆಂಟರು ಬಂದರೆ ಈ ಆಟ, ನೆರೆಯವರು ಬಂದರೆ ಈ ಆಟ, ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನನ್ನೂ ಕೂರಿಸಿಕೊಂಡು, ನೋಡಿ ಸಾರ್ ನಮ್ಮ ಹುಡುಗಿ ಕಿವಿ, ಯಾವ ಮನೆ ಬೇಕಾದ್ರೂ ಹೊಡೀರಿ ನೀವೇ ಹೊಡೀರಿ, ಅವನು ಹೆದರುತ್ತಾ ಹೆದರುತ್ತಾ ಒಂದು ಒತ್ತಿದ, ಅವಳು ತಿರುಗದೆ ಹೇಳಿದಳು, ಅಪ್ಪ ನಾಲ್ಕು ದಿನ ಅದನ್ನೇ ಹೇಳಿಕೊಂಡು ತಿರುಗಿದ. ಒಂದು ಸಲವೂ ತಪ್ಪಲಿಲ್ಲ, ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು. ಆ ಪಿಯಾನೋ ಮುಚ್ಚಿಹೋದ ಯಾವುದೋ ಶಾಲೆಯದು, ಸೌದೆಗೆ ಹೋಗಬೇಕಾಗಿದ್ದನ್ನು ಅಪ್ಪ ಹೊತ್ತು ತಂದಿದ್ದ, ಗೂಟ ಹಿಡಿಯುವ ಮರ ಬಿರುಕು ಬಿಟ್ಟಿತ್ತು, ತಂತಿಗಳಿಗೆ ತುಕ್ಕು, ಸರಿಯಾದ ಶ್ರುತಿಗೆ ಎಳೆಯಲು ಹೋದಾಗ ಒಂದು ತಂತಿ ಫಟ್ ಎಂದು ಕಿತ್ತು ಉಗುರು ಸೀಳಿ ಅಮ್ಮನ ತೊಡೆ ಮೇಲೆ ಕೂಸಾಗಿ ಮಲಗಿದ್ದ ಅವಳಿಗೆ ಸುತ್ತಿದ್ದ ತೊಟ್ಟಿಲ ಬಟ್ಟೆಗೆ ತಾಗಿತಂತೆ, ಅಮ್ಮ ಕಿರುಚಿದಳಂತೆ, ಇದನ್ನ ಹೊರಗೆ ಹಾಕು ಇಲ್ಲ ನಾನು ಹೊರಗೆ ಹೋಗ್ತೀನಿ, ಅಪ್ಪ ರಕ್ತ ಸುರಿಯುವ ಬೆರಳನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದನಂತೆ. ಹೊರಗೆ ಹಾಕಲಿಲ್ಲ, ಇಳಿಸಿದ, ಅಷ್ಟೂ ತಂತಿಗಳನ್ನು ಒಂದೇ ಸಮನಾಗಿ ಅರ್ಧ ಸ್ವರ ಇಳಿಸಿದ, ಎಳೆತ ಕಡಿಮೆಯಾದರೆ ಮಗುವಿಗೆ ಅಪಾಯವಿಲ್ಲ, ಒಂದಕ್ಕೊಂದು ಹೊಂದಿಕೊಂಡಿದ್ದರೆ ಆಯಿತು, ಮಗು ಆಡ್ಕೊಳ್ಳೋಕೆ ತಾನೇ. ಅರ್ಧ ಸ್ವರ ಎಂದರೆ ಒಂದು ಮನೆಯಿಂದ ಅದಕ್ಕೆ ಅಂಟಿದ ಪಕ್ಕದ ಮನೆಗೆ ಇರುವಷ್ಟು ದೂರ, ಗೋಡೆಯಾಚೆಯ ದೂರ. ಅಪ್ಪ ಎಷ್ಟು ಚೆನ್ನಾಗಿ ಇಳಿಸಿದ್ದನೆಂದರೆ ಒಂದು ತಂತಿಯೂ ಇನ್ನೊಂದಕ್ಕೆ ಎದುರಾಡುತ್ತಿರಲಿಲ್ಲ, ಅಂಥ ಅಚ್ಚುಕಟ್ಟಿನ ಸುಳ್ಳನ್ನು ಅವಳ ಕಿವಿ ಹಾಲಿನ ಜೊತೆ ಕುಡಿದು ಬೆಳೆಯಿತು.

ಬಾಗಿಲ ಒಳಗೆ ತುತ್ತೂರಿಯವನು ಕಾರ್ಡುಗಳಿಗೆ ಬಂದ, ಮೂರು ಮೂರು ಸ್ವರ ಒಟ್ಟಿಗೆ ಒತ್ತುವುದು, ಹುಷಾರಾಗಿ ಒತ್ತುತ್ತಿದ್ದಾನೆ, ಕತ್ತಲಲ್ಲಿ ಮೆಟ್ಟಿಲು ತಡಕಿದ ಹಾಗೆ, ಆದರೂ ಅವನು ಪುಣ್ಯವಂತ, ಸಿ ಒತ್ತಿದರೆ ಅವನಿಗೆ ಸಿ ಕೇಳುತ್ತದೆ. ಮೊದಲ ವರ್ಷದ ಮೊದಲ ಕಿವಿ ತರಗತಿಯಲ್ಲಿ ಪೆನ್ಸಿಲ್ ಮೇಷ್ಟ್ರು, ಕಿವಿ ಹಿಂದೆ ಯಾವಾಗಲೂ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಆ ಮೇಷ್ಟ್ರು ಒಂದು ಕೀ ಒತ್ತಿ, ಇದು ಯಾವ ಸ್ವರ, ಯಾರಿಗಾದ್ರೂ ಗೊತ್ತಾಗುತ್ತಾ, ಅಂದಾಗ ಅವಳ ಕೈ ತಾನಾಗಿ ಮೇಲೆದ್ದಿತ್ತು, ಎದೆ ಉಬ್ಬಿತ್ತು, ಸಿ ಶಾರ್ಪ್ ಸಾರ್. ಅಲ್ಲವಲ್ಲಮ್ಮ, ಸಿ. ಅಲ್ಲ ಸಾರ್, ಸಿ ಶಾರ್ಪ್, ಎಂದು ವಾದಕ್ಕೇ ನಿಂತಳು, ಮೇಷ್ಟ್ರು ನಗುತ್ತಾ ಎದ್ದು ಪಕ್ಕ ಸರಿದರು, ಬಿಳಿ ಕೀ ಮೇಲೆ ಅವರ ಬೆರಳಿನ್ನೂ ಇತ್ತು, ತರಗತಿಯೆಲ್ಲ ನಗುತ್ತಿತ್ತು, ಪಿಯಾನೋ ಕೆಟ್ಟಿರಬೇಕು ಸಾರ್ ಎನ್ನಲು ಬಾಯಿ ತೆರೆದವಳು ಮುಚ್ಚಿದಳು, ಆ ಪಿಯಾನೋ ಅಪ್ಪ ಹಿಂದಿನ ವಾರವಷ್ಟೇ ಶ್ರುತಿ ಮಾಡಿದ್ದು. ಆ ಸಂಜೆ ಮನೆಗೆ ಹೋಗಿ ತುದಿ ಮುರಿದ ಕೀ ಒತ್ತಿ ಕೇಳಿದಳು, ಗ್ರಂಥಾಲಯದಿಂದ ತಂದ ಟ್ಯೂನಿಂಗ್ ಫೋರ್ಕ್, ಸರಿಯಾದ ಸ್ವರ ಹೇಳುವ ಉಕ್ಕಿನ ಕವಲುಕಡ್ಡಿ, ಮೊಣಕಾಲಿಗೆ ಬಡಿದು ಹಲ್ಲಿಗೆ ಒತ್ತಿ ಕೇಳಿದಳು, ಮತ್ತೆ ಕೇಳಿದಳು, ಮನೆಯ ಸಿ ಅರ್ಧ ಸ್ವರ ಕೆಳಗಿತ್ತು — ಒಳಗಿನಿಂದ ಅಪ್ಪ ಕೂಗಿದ, ಇದು ಯಾರ ಮನೆ ಗೊತ್ತು ನಂಗೆ, ಸಿ. ಹೌದಪ್ಪ, ಸಿ. ಆವತ್ತಿನಿಂದ ಅವಳು ಒತ್ತುವ ಪ್ರತಿ ಮನೆಯಿಂದಲೂ ಪಕ್ಕದ ಮನೆಯವರು ಓ ಎನ್ನುತ್ತಾರೆ. ಹಾಡುವುದಕ್ಕೆ ತೊಂದರೆಯಿಲ್ಲ, ಹಾಡಿಗೆ ಮೊದಲು ಪಿಯಾನೋದವರು ತಾಳದ ನಾಲ್ಕು ಆವರ್ತ ನುಡಿಸುತ್ತಾರೆ, ಕಿವಿ ಅದನ್ನು ಕೇಳಿಸಿಕೊಂಡು ಅವಳನ್ನು ಮೆಲ್ಲನೆ ಜಾರಿಸಿ ಅಲ್ಲಿ ಕೂರಿಸುತ್ತದೆ, ಆಮೇಲೆ ಹಾಳೆ ಬರೀ ಅಲಂಕಾರಕ್ಕೆ. ಆದರೆ ಬೆರಳು ಜಾರುವುದು ಹಾಗಲ್ಲ. ಮೊದಲ ಪರೀಕ್ಷೆಯಲ್ಲಿ ಎಫ್‌ನಲ್ಲಿದ್ದ ಒಂದು ಪುಟ್ಟ ಮಟ್ಟು ಕೊಟ್ಟರು, ಹಾಳೆ ಎಫ್ ಎನ್ನುತ್ತದೆ, ಕಿವಿ ಎಫ್ ಶಾರ್ಪ್ ಎನ್ನುತ್ತದೆ, ಎರಡು ಸಾಲು ಹಲ್ಲು ಕಚ್ಚಿ ನುಡಿಸಿದಳು, ಮೂರನೆಯ ಸಾಲಿಗೆ ಕೈಗಳು ತಾವಾಗಿಯೇ ಅರ್ಧ ಸ್ವರ ಕೆಳಗಿಳಿದು ಇ ಯಲ್ಲಿ ಕೂತು ಸುಖವಾಗಿ ನುಡಿಸತೊಡಗಿದವು, ಅವಳಿಗೆ ಗೊತ್ತೇ ಆಗಲಿಲ್ಲ, ಎಲ್ಲ ಸರಿಹೋಯಿತು ಅಂದುಕೊಂಡಳು, ಪೆನ್ಸಿಲ್ ಮೇಷ್ಟ್ರು ಹುಬ್ಬೇರಿಸಿ, ನಿಮ್ಗೆ ಕೆಳಗಿಳಿಸೋಕೆ ಯಾರಮ್ಮ ಹೇಳಿದ್ರು, ಇಳಿಸಿದ್ದು ಚೆನ್ನಾಗೇ ಇದೆ, ಆದ್ರೆ ಕೇಳಿದ್ದು ಅದಲ್ಲ. ಎರಡನೆಯ ಸಲ ಇಳಿಯಬಾರದು ಇಳಿಯಬಾರದು ಎಂದು ಜಪಿಸುತ್ತಾ ಕೂತಳು, ಕೈ ಇಳಿಯಲಿಲ್ಲ, ಏಳಲೂ ಇಲ್ಲ, ಕೀಗಳ ಮೇಲೆ ಹೆಣದ ಹಾಗೆ ಬಿದ್ದುಕೊಂಡಿತ್ತು. ಹಾಡಿನ ಭಾಗದವರೆಗೆ ಎರಡು ಸಲವೂ ಹೋಗಲೇ ಇಲ್ಲ.

ಹಾಗಾದ್ರೆ ಕೇಳಿಸ್ಕೋಬೇಡ, ಎಂದಳು ಅಮ್ಮ. ಅಮ್ಮನಿಗೊಬ್ಬಳಿಗೆ ಗೊತ್ತು. ಮಗ್ಗದ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದವಳು, ಅಮ್ಮನಿಗೆ ಸದ್ದು ಎಂದರೆ ತಡೆಯಬೇಕಾದ ವಸ್ತು, ಸಂಜೆ ಮನೆಗೆ ಬಂದು ಕಿವಿಯಿಂದ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ ತೆಗೆದು ಕಿಟಕಿ ಮೇಲಿಡುತ್ತಾಳೆ, ಒಂದು ಹೊಸ ಜೊತೆ ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಬೆರಳಿಗೆ ದಾರಿ ಗೊತ್ತಿದ್ರೆ ಆಯ್ತಲ್ಲ, ಕಿವಿ ಮನೇಲಿರಲಿ. ಮತ್ತೆ ದನಿ ತಗ್ಗಿಸಿ, ಅಪ್ಪಂಗೆ ಮಾತ್ರ ಹೇಳ್ಬೇಡ, ಇದು ಗೊತ್ತಾದ್ರೆ ಅವರು ಉಳಿಯಲ್ಲ. ಉಳಿಯಲ್ಲ ಎಂದರೆ ಸಾಯುತ್ತಾನೆ ಎಂದಲ್ಲ, ಅವಳಿಗೆ ಅರ್ಥವಾಯಿತು, ಊಟ ಮಾಡುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಆದರೆ ಗ್ಯಾಸಿನವನನ್ನು ಕರೆದು ಕೂರಿಸಿಕೊಳ್ಳುವ ಆ ಮನುಷ್ಯ ಇರುವುದಿಲ್ಲ. ಅಷ್ಟೇ ಉಪಾಯ, ಒಳ್ಳೆಯ ಉಪಾಯ, ಸಂಗೀತ ಪರೀಕ್ಷೆ ಪಾಸಾಗಲು ಕಿವುಡಾಗುವುದು, ತುತ್ತೂರಿಯವನಿಗೆ ಹೇಳಿದ್ದರೆ ವರ್ಷವಿಡೀ ನಗುತ್ತಿದ್ದ. ಅಭ್ಯಾಸದ ಕೋಣೆಯಲ್ಲಿ ವಿದ್ಯುತ್ ಕೀಬೋರ್ಡಿನ ಸದ್ದನ್ನು ಸೊನ್ನೆಗೆ ಇಳಿಸಿ, ಬಿರಡೆ ತುರುಕಿಕೊಂಡು, ಬರೀ ಕೀಗಳ ತಟಪಟದಲ್ಲಿ ನುಡಿಸಿದಳು, ಚಳಿಗಾಲವಿಡೀ, ಬೇಸಿಗೆಯವರೆಗೂ, ಟೈಪಿಸ್ಟಳ ಹಾಗೆ, ಹಾಳೆಯಿಂದ ಕಣ್ಣಿಗೆ, ಕಣ್ಣಿಂದ ಬೆರಳಿಗೆ, ನಡುವೆ ಕಿವಿಗೆ ಪ್ರವೇಶವಿಲ್ಲ, ಮೊದಮೊದಲು ಉಸಿರು ಕಟ್ಟಿದ ಹಾಗಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು, ಬೆರಳು ಜಾರುವುದು ನಿಂತೇಹೋಯಿತು. ಆ ಸದ್ದಿಲ್ಲದ ಕೀಗಳ ಮೇಲೆ ಹಾಡನ್ನೂ ಕೂಡಿಸಿಕೊಂಡು ಹಾಡಿದಳು. ಹಾಡೋದು ನಿಂಗೆ ನೀರು ಕುಡಿದ ಹಾಗೆ, ಅದಕ್ಕೆ ಏನು ತಲೆ ಕೆಡಿಸ್ಕೊಳ್ತೀಯ, ಎಂದು ಹಾಡಿನ ಮೇಡಂ ಹೇಳಿದ್ದರು, ಅವಳೂ ಕೆಡಿಸಿಕೊಳ್ಳಲಿಲ್ಲ.

ಬಾಗಿಲು ತೆರೆಯಿತು, ತುತ್ತೂರಿಯವನು ಬೆವರೊರೆಸಿಕೊಳ್ಳುತ್ತಾ ಬಂದ, ಹೆಬ್ಬೆರಳೆತ್ತಿ ತೋರಿಸಿದ, ಆಯ್ತು ಕಣೇ, ಹೇಗಾಯ್ತೋ ದೇವರಿಗೇ ಗೊತ್ತು, ಎಂದ, ಅವನಿಗೂ ಆಯಿತು, ಎಡಗೈ ಕುಂಟನಿಗೂ ಆಯಿತು, ಅವಳು ಎದ್ದಳು, ಕೂದಲು ಮುಂದೆ ತಂದು ಕಿವಿ ಮುಚ್ಚಿಕೊಂಡಳು, ಮೂಲೆಯಲ್ಲಿ ಅಪ್ಪನಿಗೆ ಬೆನ್ನು ಮಾಡಿ ಬಿರಡೆಗಳನ್ನು ಹೊಸಕಿ ಒಳಗೆ ತಳ್ಳಿದಳು, ಸ್ಪಂಜು ಉಬ್ಬಿತು, ಟ್ಯೂಬ್‌ಲೈಟು ಸತ್ತಿತು, ಅಪ್ಪನ ಬಾಯಿ ಅಲುಗಿತು, ಏನೋ ಪೀಪಿ, ಏನೋ ಬೆಳ್ಳಿ. ಒಳಗೆ ಮೇಜಿನ ಹಿಂದೆ ಮೇಷ್ಟ್ರು, ಕೀಬೋರ್ಡ್ ಮೇಡಂ ಇಬ್ಬರೂ ನೀರೊಳಗೆ ಕೂತವರ ಹಾಗೆ ಬಾಯಾಡಿಸುತ್ತಾರೆ, ಪೆನ್ಸಿಲ್ ಮೇಷ್ಟ್ರು ಹಾಳೆ ತೋರಿಸುತ್ತಾರೆ, ತಲೆಯಾಡಿಸುತ್ತಾಳೆ, ಏರಿಕೆ ಇಳಿಕೆ, ಹೆಬ್ಬೆರಳು ಅಡಿಯಿಂದ ತೂರಿತು, ಎಡವಲಿಲ್ಲ, ಕಾರ್ಡುಗಳು, ಸರಿ, ಹೊಸ ಹಾಳೆ, ಕಣ್ಣಿಗೆ, ಬೆರಳಿಗೆ, ಕಣ್ಣಿಗೆ, ಬೆರಳಿಗೆ, ಬಹಳ ದೂರದ ಓಣಿಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹೋದಷ್ಟು ಸದ್ದು, ಅದು ತನ್ನದೇ ನುಡಿಸಾಣಿಕೆ, ತನಗೆ ಸಂಬಂಧವಿಲ್ಲದ್ದು — ಮೇಡಂ ಮುಗುಳ್ನಕ್ಕರು, ಮೇಷ್ಟ್ರ ಪೆನ್ಸಿಲ್ ಗುರುತು ಹಾಕಿತು, ಇನ್ನೊಂದು ಗುರುತು, ಮೊದಲ ಸಲ ಆ ಪೆನ್ಸಿಲ್ ನಿಲ್ಲದೆ ಓಡುತ್ತಿದೆ, ಆಗುತ್ತದೆ, ಇದು ಆಗುತ್ತದೆ, ಅವಳಿಗೆ ಅಳು ಬಂದ ಹಾಗಾಯಿತು. ಈಗ ಹಾಡು. ಹಾಳೆಯ ಮೇಲೆ ಒಂದು ಪುಟ್ಟ ಜೋಗುಳ, ನಾಲ್ಕು ಆವರ್ತ ಬರೀ ಕೈ, ಆಮೇಲೆ ದನಿ, ಸಿ ಯಿಂದ ಶುರು, ಬಾಯಿ ತೆರೆದಳು, ತಲೆಬುರುಡೆಯೊಳಗೆ ದನಿ ಗವಿಯಲ್ಲಿ ಹಾಡಿದ ಹಾಗೆ ತುಂಬಿಕೊಂಡಿತು, ಸಿ, ಅವಳ ಸಿ, ತುದಿ ಮುರಿದ ಮನೆಯ ಸಿ, ಕಣ್ಣು ಸಿ ಎಂದಿತು, ಬೆರಳು ಸಿ ಎಂದಿತು, ಗಂಟಲು ಸಿ ಎಂದಿತು, ಯಾರೂ ಯಾರಿಗೂ ಎದುರಾಡಲಿಲ್ಲ, ಹೀಗೂ ಇರಬಹುದೇ, ಬೇರೆಯವರೆಲ್ಲ ಹೀಗೇ ಇರುತ್ತಾರೆಯೇ, ಇಷ್ಟು ಸುಲಭವಾಗಿ, ಇಷ್ಟು ವರ್ಷ ಹೀಗಿದ್ದುಬಿಟ್ಟರೇ ಅವರು — ಎರಡನೆಯ ಸಾಲಿಗೆ ಏರಿದಳು, ದನಿ ಬಿಚ್ಚಿದಳು, ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು, ಮೇಡಂ ಬಾಯಿ ಮೇಲೆ ಕೈ ಇಟ್ಟುಕೊಂಡರು, ಮನಸ್ಸು ತುಂಬಿ ಬಂದಿರಬೇಕು, ಜೋಗುಳವಲ್ಲವೇ, ಅವಳು ಮೇಡಂಗೋಸ್ಕರ ಇನ್ನಷ್ಟು ಮೆತ್ತಗೆ, ಇನ್ನಷ್ಟು ಎಳೆದು ಹಾಡಿದಳು. ಮೇಷ್ಟ್ರು ಕೈ ಎತ್ತಿ ಏನೋ ಹೇಳಿದರು, ಕೊನೆಯ ಸಾಲು ಸಾರ್, ಮುಗಿಸಿಬಿಡ್ತೀನಿ ಅಂದುಕೊಂಡಳು, ಮತ್ತೆ ಹೇಳಿದರು, ಎದ್ದು ನಿಂತರು, ಅವಳು ಕೊನೆಯ ಸ್ವರ ಹಿಡಿದುಕೊಂಡೇ, ಪಿಯಾನೋದ ಸ್ವರ ಉಳಿಸುವ ಪೆಡಲ್ ಕಾಲಲ್ಲಿ ಒತ್ತಿಕೊಂಡೇ, ಏನು ಸಾರ್ ಎಂಬಂತೆ ಬಲಗೈಯಿಂದ ಕೂದಲು ಸರಿಸಿ ಒಂದು ಬಿರಡೆ ಎಳೆದಳು.

ಎರಡೂ ಒಟ್ಟಿಗೆ ಕೇಳಿಸಿದವು. ಪಿಯಾನೋದ ಸ್ವರ ಮೇಲೆ, ಅವಳ ಸ್ವರ ಅರ್ಧ ಕೆಳಗೆ, ಗೋಡೆ ಹಂಚಿಕೊಂಡು ಕೂತ ಎರಡು ಮನೆ, ಒಂದನ್ನೊಂದು ಹಲ್ಲಿನಿಂದ ಗೀರುತ್ತಿದ್ದವು, ಇಡೀ ಹಾಡು ಹೀಗೇ ಇತ್ತು, ಮೊದಲಿನಿಂದ ಹೀಗೇ ಇತ್ತು, ದನಿಯನ್ನು ಜಾರಿಸಿ ಕೂರಿಸುವ ಕಿವಿಯನ್ನೇ ತಾನು ಮುಚ್ಚಿಟ್ಟಿದ್ದಳು, ಚಳಿಗಾಲವಿಡೀ ಮೂಕ ಕೀಗಳ ಮೇಲೆ ಇದನ್ನೇ ಅಭ್ಯಾಸ ಮಾಡಿದ್ದಳು, ಮನಸ್ಸಿಟ್ಟು, ಉಸಿರು ಹಿಡಿದು — ಏನಮ್ಮಾ ಅದು ಕಿವೀಲಿ, ಎಂದರು ಮೇಷ್ಟ್ರು, ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಹಾಡೋವ್ರು ನೀವು, ಕಿವಿ ಮುಚ್ಕೊಂಡು ಹಾಡ್ತಾರೇನಮ್ಮ. ಮೇಡಂ ಅವಳ ಕೈಯಿಂದ ಕಿತ್ತಳೆ ಸ್ಪಂಜನ್ನು ತೆಗೆದುಕೊಂಡು ತಿರುಗಿಸಿ ನೋಡಿದರು, ಏನಿತ್ತಮ್ಮ, ನಮ್ಮ ಹತ್ರ ಹೇಳ್ಬೋದಿತ್ತಲ್ಲ. ಏನು ಹೇಳುವುದು, ಹೇಳಿದರೆ ಯಾಕೆ ಎನ್ನುತ್ತೀರಿ, ಯಾಕೆ ಎಂದರೆ ಮನೆಯ ಪಿಯಾನೋ ಎನ್ನಬೇಕು, ಮನೆಯ ಪಿಯಾನೋ ಶ್ರುತಿ ಮಾಡಿದ್ದು ಯಾರು ಎನ್ನುತ್ತೀರಿ, ನಿಮ್ಮ ಪಿಯಾನೋಗಳ ಕೆಲಸ ಮಾಡುವವನು, ಹೊರಗೆ ಬೆಂಚಿನ ಮೇಲೆ ಕೂತವನು, ಅವಳು ಹಾಳೆಗಳನ್ನು ಜೋಡಿಸಿದಳು. ಫಲಿತಾಂಶ ಸಂಜೆ ಬೋರ್ಡಿಗೆ ಹಾಕ್ತೀವಿ, ನೀವು ಕಾಯ್ಬೇಕಾಗಿಲ್ಲಮ್ಮ, ಎಂದು ಮೇಷ್ಟ್ರು ಕಿಟಕಿ ಕಡೆ ನೋಡುತ್ತಾ ಹೇಳಿದರು, ಅಷ್ಟೇ, ಹೆಸರು ತೆಗೆಯುವುದು ಎಂದರೆ ಇಷ್ಟೇ ಸದ್ದು. ಕಛೇರಿ ಇಲ್ಲ, ಪದವಿ ಇಲ್ಲ, ಮಕ್ಕಳಿಗೆ ಕಲಿಸುವುದಿಲ್ಲ, ಮೂರು ವರ್ಷ ಹೋಯಿತು, ಹೋಗಲಿ, ಅದೆಲ್ಲ ಹೋಗಲಿ, ಬಾಗಿಲಿನ ಗಾಜಿನ ಆಚೆ ತಂತಿ ಬಲೆಯ ಚೌಕಗಳಲ್ಲಿ ತುಂಡು ತುಂಡಾಗಿ ಒಂದು ಮುಖ ಇತ್ತು, ತಲೆ ಎಡಕ್ಕೆ ವಾಲಿತ್ತು, ಕಣ್ಣು ಅರ್ಧ ಮುಚ್ಚಿತ್ತು.

ಬೆಂಚಿನ ಮೇಲೆ ಚೀಲವೊಂದೇ ಕೂತಿತ್ತು. ಅಪ್ಪ ನಿಂತಿದ್ದ. ತುತ್ತೂರಿಯವನು ಎಲ್ಲೋ ಹೋಗಿದ್ದ, ಪುಣ್ಯ. ಒಂದು ಕಿವಿಯಲ್ಲಿ ಇನ್ನೂ ಬಿರಡೆ ಇದ್ದದ್ದರಿಂದ ಅಪ್ಪನ ಮಾತು ಅರ್ಧದಷ್ಟೇ ಬಂತು, ಪಿಯಾನೋ ಸರಿಯಾಗಿತ್ತಲ್ಲಮ್ಮ, ಎಂದ. ಸರಿಯಾಗಿತ್ತು ಅಪ್ಪ. ನಾನು ಎರಡು ಸಲ ನೋಡಿದ್ದೆ ಬೆಳಗ್ಗೆ. ಗೊತ್ತಪ್ಪ, ಕೂದಲೆಳೆಯಷ್ಟೂ ಅತ್ತಿತ್ತ ಇರ್ಲಿಲ್ಲ. ಹಾಗಿದ್ರೆ ಅರ್ಧ ಸ್ವರ, ಎಂದ ಅಪ್ಪ, ನಿಲ್ಲಿಸಿದ, ತುಟಿ ಮಾತ್ರ ಅಲುಗಿತು, ಅವನ ಕಣ್ಣು ಅವಳ ಮುಖದ ಮೇಲಿಂದ ಜಾರಿ ಎಲ್ಲೋ ಹಿಂದಕ್ಕೆ ಹೋಯಿತು, ಹಿಂದಕ್ಕೆ, ಹಿಂದಕ್ಕೆ, ಸೌದೆಗೆ ಹೋಗಬೇಕಾಗಿದ್ದ ಪಿಯಾನೋ, ತುಕ್ಕಿನ ತಂತಿ, ತೊಟ್ಟಿಲ ಬಟ್ಟೆ, ಒಂದೊಂದೇ ಗೂಟ ತಿರುಗಿಸಿ ಇಳಿಸಿದ ಆ ಅಚ್ಚುಕಟ್ಟಿನ ಕೆಲಸ, ಅಲ್ಲಿಗೆ ಹೋಗಿ ತಲುಪಿದ್ದನ್ನು ಅವಳು ಕಣ್ಣಾರೆ ಕಂಡಳು. ನಮ್ಮನೇದಾ, ಎಂದು ಕೇಳಿದ. ಸುಳ್ಳು ಹುಡುಕಿದಳು, ಗಂಟಲು ಕೆಟ್ಟಿತ್ತು ಅಪ್ಪ, ಹೆದರಿಬಿಟ್ಟೆ ಅಪ್ಪ, ಹಾಳೆ ತಪ್ಪು ಓದಿದೆ, ಯಾವುದೂ ನಡೆಯದು, ಸದ್ದಿನ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಿ ಯಾರೂ ಗೆದ್ದಿಲ್ಲ. ಬಿಡಪ್ಪ, ಮನೆಗೆ ಹೋಗೋಣ, ಎಂದಳು, ಮನೆ ಎಂದ ಕೂಡಲೇ ಇಬ್ಬರೂ ನೆಲ ನೋಡಿದರು. ಅಪ್ಪ ಚೀಲದ ಬಾಯಿ ಬಿಗಿದ, ಆಗಲೇ ಬಿಗಿದಿದ್ದನ್ನು ಮತ್ತೆ ಬಿಗಿದ, ಆಮೇಲೆ ಬಲಗೈಯ ತೋರುಬೆರಳನ್ನು ಎಡಗೈಯ ಮುಷ್ಟಿಯಲ್ಲಿ ಅಡಗಿಸಿಟ್ಟುಕೊಂಡ, ಏನೋ ಕದ್ದು ಸಿಕ್ಕಿಬಿದ್ದ ಹಾಗೆ, ಹಾಗೆ ಮಾಡಬೇಡಪ್ಪ ಎನ್ನಬೇಕು, ಆ ಮುಷ್ಟಿ ಬಿಡಿಸಬೇಕು, ಅವಳ ಕೈ ಏಳಲಿಲ್ಲ, ಟ್ಯೂಬ್‌ಲೈಟು ಒಂದೇ ಕಿವಿಗೆ ಗುಂಯ್‌ಗುಡುತ್ತಿದೆ, ಜಿ ಶಾರ್ಪ್, ಈಗ ತಿದ್ದಿಕೊಳ್ಳುವವರು ಯಾರು, ಮುಷ್ಟಿಯ ಒಳಗಿಂದ ಸೀಳಿದ ಉಗುರಿನ ತುದಿ ಕಾಣುತ್ತಿದೆ, ಅಷ್ಟೇ ಕಾಣುತ್ತಿದೆ, ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ಬಾಯಲ್ಲಿ ಲಾಡಿ, ಹಿಂದೆ ಆ ಬೆರಳು ಇಳಿಯುತ್ತದೆ, ತುದಿ ಮುರಿದ ಬಿಳಿ ಮನೆಯ ಮೇಲೆ, ಡಣ್, ಇದು ಯಾರ ಮನೆ ಹೇಳು, ಸಿ, ಭೇಷ್, ಬೆರಳು ಏಳುತ್ತದೆ, ಇಳಿಯುತ್ತದೆ, ಇದು ಯಾರ ಮನೆ ಹೇಳು, ಸಿ, ಭೇಷ್, ಬೆರಳು ಏಳುತ್ತದೆ, ಸೀಳಿದ ಉಗುರು, ಇಳಿಯುತ್ತದೆ, ಇದು ಯಾರ ಮನೆ